ಭುಜದಿಂದ ಬರೆದ ಡ್ರ್ಯಾಗನ್

ಹೊಟ್ಟೆಪಾಡಿಗೆ ನಾನು ಈ ಲೋಕದಲ್ಲಿ ಇಲ್ಲದ ಪ್ರಾಣಿಗಳ ಚಿತ್ರ ಬರೆಯುತ್ತೇನೆ. ಬೆಂಕಿ ಉಗುಳುವ ಡ್ರ್ಯಾಗನ್, ಎರಡು ತಲೆಯ ತೋಳ, ಆನೆಯಷ್ಟು ದೊಡ್ಡ ಗೂಬೆಯ ಮೇಲೆ ಕುಳಿತ ಮಾಟಗಾತಿ. ವಿದೇಶದಲ್ಲಿ ಮಕ್ಕಳು, ಮಕ್ಕಳಾಗಿಯೇ ಉಳಿದುಬಿಟ್ಟ ದೊಡ್ಡವರು ಮೇಜಿನ ಸುತ್ತ ಕೂತು ಆಡುವ ಕಾರ್ಡಿನ ಆಟಗಳಿವೆ. ಆ ಕಾರ್ಡುಗಳ ಮೇಲೆ, ಮತ್ತು ತಲೆದಿಂಬಿನಷ್ಟು ದಪ್ಪದ ಕಾದಂಬರಿಗಳ ರಕ್ಷಾಪುಟದ ಮೇಲೆ ನನ್ನ ಪ್ರಾಣಿಗಳು ಅಚ್ಚಾಗುತ್ತವೆ. ಊರಿನಲ್ಲಿ ಇದನ್ನು ವಿವರಿಸಿ ಸಾಕಾಗಿ, ಯಾರಾದರೂ ಕೇಳಿದರೆ "ಕಂಪ್ಯೂಟರಿನಲ್ಲಿ ಕೆಲಸ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಅದರ ಫಲವಾಗಿ ಎರಡು ಸಲ ಬೇರೆಯವರ ಮನೆಗೆ ಹೋಗಿ ಕೆಟ್ಟ ಪ್ರಿಂಟರ್ ನೋಡಬೇಕಾಗಿ ಬಂತು. ಒಂದನ್ನು ಸರಿ ಮಾಡಿಯೂ ಕೊಟ್ಟೆ. ಊರಿನಲ್ಲಿ ನನಗೆ ಸಿಕ್ಕಿದ ಗೌರವದಲ್ಲಿ ಹೆಚ್ಚಿನ ಪಾಲು ಆ ಪ್ರಿಂಟರಿನದ್ದು.

ಅಪ್ಪ ಬಂಟ್ವಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದರು. ಅವರ ಪಾಲಿಗೆ ಚಿತ್ರಕಲೆ ಎಂದರೆ ಒಂದು ಚೆಂಬು, ಎರಡು ಬಾಳೆಹಣ್ಣು, ಹಿಂದೆ ನೆರಿಗೆ ಬಿದ್ದ, ಮೈ ಒರೆಸುವ ಒಂದು ಬೈರಾಸು. ನಾನು ನೋಟ್ಸ್ ಪುಸ್ತಕದ ಕೊನೆಯ ಪುಟದಲ್ಲಿ ಮೂರು ಕಣ್ಣಿನ ಹಂದಿಯನ್ನು ಬರೆದದ್ದು ಕಂಡಾಗ ಅವರು ಬೈಯಲಿಲ್ಲ. ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ, "ಶೇಡಿಂಗ್ ಒಳ್ಳೆಯದುಂಟು. ಆದರೆ ಇದನ್ನು ಯಾವ ಪರೀಕ್ಷೆಯಲ್ಲಿ ಕೇಳ್ತಾರೆ?" ಎಂದರು. ನನಗೆ ಅದರ ಉತ್ತರ ಸಿಗುವಷ್ಟರಲ್ಲಿ ಅಪ್ಪ ಇರಲಿಲ್ಲ.

ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಿ.ಸಿ. ರೋಡಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆರು ವರ್ಷ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ ಮಾಡಿದೆ. ಎಲ್ಲದರ ಮೂಲೆಯಲ್ಲೂ ಒಂದು ಬಳ್ಳಿ ಬರುತ್ತಿತ್ತು. ಬೇರೆ ಬೇರೆ ಬಳ್ಳಿ ಹಾಕುವುದೇ ನನ್ನ ಕಲೆ. ಬಿಡುವಿನಲ್ಲಿ ಬರೆದ ಡ್ರ್ಯಾಗನ್ನುಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಿದ್ದೆ. ಒಂದು ದಿನ ಸಮುದ್ರದಾಚೆಯ ಆಟದ ಕಂಪೆನಿಯೊಂದರಿಂದ ಪತ್ರ ಬಂತು. ಬರೆದವರು ಅಲ್ಲಿ ಚಿತ್ರಗಳ ಉಸ್ತುವಾರಿ ನೋಡಿಕೊಳ್ಳುವ ಒಬ್ಬ ಮೇಡಮ್. ನನ್ನ ಡ್ರ್ಯಾಗನ್ನಿನ ಮೈಯ ಒಂದೊಂದು ಚಿಪ್ಪನ್ನೂ ಬೇರೆ ಬೇರೆಯಾಗಿ ಬರೆದದ್ದನ್ನು ಅವರು ದೊಡ್ಡದು ಮಾಡಿ ನೋಡಿದ್ದರು. ಇಷ್ಟು ಸೂಕ್ಷ್ಮವಾಗಿ ಬರೆಯುವವರು ಸಿಗುವುದು ಕಷ್ಟ ಎಂದಿದ್ದರು. ಮುಂದಿನ ಎಂಟು ವರ್ಷ ನಾನು ಸೂಕ್ಷ್ಮವಾಗಿಯೇ ಬದುಕಿದೆ. ಒಂದು ಡ್ರ್ಯಾಗನ್ನಿಗೆ ಮೂರು ವಾರ. ಪ್ರತಿ ಚಿಪ್ಪಿನ ಅಂಚಿನಲ್ಲಿ ಬೆಂಕಿಯ ಒಂದು ಹೊಳಪು. ಆ ಹೊಳಪು ಅಚ್ಚಾದ ಮೇಲೆ ಸಾಸಿವೆಗಿಂತ ಚಿಕ್ಕದು. ಆದರೂ ಅದು ಇಲ್ಲದಿದ್ದರೆ ಚಿತ್ರ ಸತ್ತಂತೆ ಎಂದು ನಾನು ನಂಬಿದ್ದೆ, ಮೇಡಮ್ಮನ್ನೂ ನಂಬಿಸಿದ್ದೆ.

ಅಷ್ಟರಲ್ಲಿ ಮದುವೆಯಾಗಿ, ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಹೆಂಡತಿ ಶಿರ್ತಾಡಿಯ ಕಡೆ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಅವಳಿಗೆ ಶಾಲೆ ಹತ್ತಿರ, ನನಗೆ ಇಂಟರ್ನೆಟ್ ಚೆನ್ನಾಗಿ ಸಿಗುತ್ತದೆ. ಅಮ್ಮ ಬಂಟ್ವಾಳದಲ್ಲಿ ಅಣ್ಣನ ಮನೆಯಲ್ಲಿ.

ನನಗೆ ಮೂವತ್ತಾರು ತುಂಬಿದ ಚಳಿಗಾಲದಲ್ಲಿ ಬೆಳಗಿನ ಹೊತ್ತು ಬೆರಳು ಮಡಚಲಿಕ್ಕೆ ಬಾರದಾಯಿತು. ನಾನು ವಿಚಾರವಂತನಾದ್ದರಿಂದ ಮೊದಲು ಪೆನ್ನಿನ ಮೇಲೆ ಸಂಶಯಪಟ್ಟೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಹೊಸ ಡಿಜಿಟಲ್ ಪೆನ್ನು ತಂದೆ. ಆಮೇಲೆ ಕುರ್ಚಿಯನ್ನು ಬದಲಿಸಿದೆ. ಆಮೇಲೆ ಹಾಸಿಗೆಯನ್ನು. ಮನೆಯಲ್ಲಿ ಬದಲಿಸಲಿಕ್ಕೆ ಇನ್ನೇನೂ ಉಳಿಯದಿದ್ದಾಗ ಕೈಯನ್ನು ನೋಡಿದೆ. ಗೆಣ್ಣುಗಳು ಊದಿ ಶುಂಠಿಯ ಕೊಂಬಿನ ಹಾಗೆ ಆಗಿದ್ದವು. ಆ ದಿನ ಮದುವೆಯೊಂದಕ್ಕೆ ಹೊರಡುವಾಗ ಅಂಗಿಯ ಗುಂಡಿ ಹಾಕಲಿಕ್ಕೆ ಆಗದೆ ನಿಂತಿದ್ದೆ. ಹೆಂಡತಿ ಬಂದು ಮೇಲಿನಿಂದ ಕೆಳಗಿನವರೆಗೆ ಗುಂಡಿ ಹಾಕಿದಳು. ಕೊನೆಯ ಗುಂಡಿಯ ಹತ್ತಿರ, "ಎಷ್ಟು ದಿನದಿಂದ?" ಎಂದು ಕೇಳಿದಳು.

"ಎರಡು ತಿಂಗಳು."

"ಮತ್ತೆ ಟೀಶರ್ಟ್ ಮೇಲೆ ಇಷ್ಟೊಂದು ಪ್ರೀತಿ ಬಂದದ್ದು ಅದಕ್ಕಾ?"

ಮೂಡುಬಿದಿರೆಯ ಡಾಕ್ಟ್ರು ನೋಡಿ ಮಂಗಳೂರಿಗೆ ಕಳಿಸಿದರು. ಮಂಗಳೂರಿನ ಡಾಕ್ಟ್ರು ರಕ್ತದ ವರದಿ ನೋಡಿ, ಇದು ಸಂಧಿವಾತದಲ್ಲೇ ಒಂದು ಜಾತಿ, ಬಂದರೆ ಹೋಗುವುದಿಲ್ಲ, ಹಿಡಿತದಲ್ಲಿಟ್ಟುಕೊಂಡು ಬದುಕಬಹುದು ಎಂದರು. ತಿಳಿಹೇಳಲಿಕ್ಕೆ ಒಂದು ಉಪಮೆಯನ್ನೂ ಕೊಟ್ಟರು. "ನಿಮ್ಮ ದೇಹದ ಸೈನ್ಯ ಶತ್ರುವನ್ನು ಬಿಟ್ಟು ನಿಮ್ಮದೇ ಕೋಟೆಯ ಮೇಲೆ ಬಿದ್ದಿದೆ. ಅರ್ಥ ಆಯ್ತಲ್ಲ?" ಸೈನ್ಯ, ಕೋಟೆ ಎರಡನ್ನೂ ಬರೆದು ಅನ್ನ ತಿನ್ನುವವನಿಗೆ ಅರ್ಥವಾಗದೇ ಇರುತ್ತದೆಯೇ? ಇಂಥ ಕಥೆಯನ್ನು ಯಾರಾದರೂ ನನ್ನ ಕಂಪೆನಿಗೆ ಕಳಿಸಿದರೆ, ಕಾರಣವಿಲ್ಲದೆ ಸೈನ್ಯ ಹಾಗೇಕೆ ಮಾಡುತ್ತದೆ ಎಂದು ಕೇಳಿ ಅವರು ವಾಪಸ್ಸು ಕಳಿಸುತ್ತಿದ್ದರು.

ಸುದ್ದಿ ಹಬ್ಬಿತು. ಇದು ಅಜ್ಜಿಯಂದಿರ ಕಾಯಿಲೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ, ಬಂದವರೆಲ್ಲ "ಈ ಪ್ರಾಯಕ್ಕಾ?" ಎಂದು ನನ್ನನ್ನು ಗದರಿಸುವ ಹಾಗೆ ಕೇಳಿದರು. ಲಕ್ಕಿ ಸೊಪ್ಪು ಕುದಿಸಿ ಶಾಖ ಕೊಡಲು ಒಬ್ಬರು, ಹುರುಳಿ ಹುರಿದು ಗಂಟು ಕಟ್ಟಿ ಒತ್ತಲು ಇನ್ನೊಬ್ಬರು ಹೇಳಿದರು. ಮೀನು ತಿನ್ನುವುದನ್ನು ಬಿಡಬೇಕು ಎಂದವರಿದ್ದರು. ಮೀನು ಬಿಟ್ಟದ್ದರಿಂದಲೇ ಬಂದದ್ದು ಎಂದವರೂ ಇದ್ದರು. ಬೆಳ್ತಂಗಡಿಯ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಪರಿಚಿತರೊಬ್ಬರು ನನ್ನ ಕೈ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು ಗುರುವಾಯನಕೆರೆಯವರೆಗೆ ಎಣ್ಣೆ ತಿಕ್ಕುವ ಕ್ರಮ ತೋರಿಸಿಕೊಟ್ಟರು. ಎಣ್ಣೆ ಇರಲಿಲ್ಲ. ನೋವು ಇತ್ತು. ಅವರು ಇಳಿಯುವಾಗ "ಈಗ ಸ್ವಲ್ಪ ಹಗುರ ಅಲ್ವಾ?" ಎಂದರು. ನಿಜಕ್ಕೂ ಹಗುರವಾಯಿತು, ಅವರು ಕೈ ಬಿಟ್ಟಿದ್ದರಲ್ಲ.

ಅಮ್ಮನಿಗೆ ಮಾತ್ರ ಕಾರಣ ಗೊತ್ತಾಯಿತು. ಹೆಸರು ತಂದುಕೊಟ್ಟ ನನ್ನ ಚಿತ್ರವೊಂದರಲ್ಲಿ ಕವಚ ತೊಟ್ಟ ವೀರನೊಬ್ಬ ಡ್ರ್ಯಾಗನ್ನಿನ ಕತ್ತು ಕಡಿಯುತ್ತಿದ್ದಾನೆ. ಅಣ್ಣ ಅದನ್ನು ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದ. ಅಮ್ಮ ಅದರ ಮುಂದೆ ನನ್ನನ್ನು ನಿಲ್ಲಿಸಿದರು.

"ಇದು ಏನು ಮಗಾ?"

"ಡ್ರ್ಯಾಗನ್ ಅಮ್ಮ. ಅಂಥದ್ದು ಇಲ್ಲ."

"ಮೈ ಯಾರದ್ದು?"

"ಮೈ... ಹಾವಿನ ಹಾಗೆ ಅನ್ನಬಹುದು."

"ಹೆಡೆ?"

"ಸ್ವಲ್ಪ ಉಂಟು."

"ಇಂಥದ್ದು ಎಷ್ಟು ಬರೆದಿದ್ದಿ?"

ನಾನು ಲೆಕ್ಕ ಹೇಳಲಿಲ್ಲ. ಕೊಂದದ್ದು ನಾನಲ್ಲ, ಆಟ ಆಡುವವರು ಎಂದೆ. "ಬರೆದ ಕೈ ಯಾರದ್ದು?" ಎಂದು ಅಮ್ಮ ಕೇಳಿದರು. ಕೈಯೇ ಮುಂದೆ ಊದಿಕೊಂಡು ನಿಂತಿತ್ತು.

ಜೋಯಿಸರ ಹತ್ತಿರ ಹೋದೆವು. ಅವರು ನನ್ನ ಫೋನಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು, ಒಂದೆರಡನ್ನು ಮೆಚ್ಚಿಯೂ ನೋಡಿದರು. ರೆಕ್ಕೆಯಿರುವ ವಿದೇಶದ ಹಾವಿನ ವಿಷಯದಲ್ಲಿ ತಮಗೆ ಖಚಿತವಾಗಿ ಹೇಳಲಿಕ್ಕೆ ಆಗುವುದಿಲ್ಲ, ಆದರೂ ಕುಟುಂಬದ ನಾಗನಿಗೆ ಒಂದು ತಂಬಿಲದ ಪೂಜೆ ಕೊಟ್ಟರೆ ನಷ್ಟವಿಲ್ಲ ಎಂದರು. ನ್ಯಾಯವಾದ ಮಾತು. ನಾಗಬನದಲ್ಲಿ ಹಾಲು, ಎಳನೀರು, ಅರಶಿನ ಎಲ್ಲ ಆಯಿತು. ಕೈ ಮುಗಿಯಿರಿ ಎಂದಾಗ ನನ್ನ ಎರಡು ಅಂಗೈಗಳು ಒಂದಕ್ಕೊಂದು ತಾಗಲಿಲ್ಲ. ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗ ಉಳಿಯಿತು. ಅಮ್ಮ ಅದನ್ನು ನೋಡಿ ಬೇಗ ಬೇರೆ ಕಡೆ ಮುಖ ತಿರುಗಿಸಿದರು. "ಮನಸ್ಸಿನಲ್ಲಿ ಮುಗಿದರೆ ಸಾಕು" ಎಂದು ಪೂಜೆ ಮಾಡುತ್ತಿದ್ದವರು ಮೆಲ್ಲನೆ ಹೇಳಿದರು. ಆವರೆಗೆ ಮನಸ್ಸಿನಲ್ಲಿ ನಗುತ್ತಿದ್ದ ನಾನು ನಗು ನಿಲ್ಲಿಸಿದೆ. ತಂಬಿಲದಿಂದ ನೋವು ಕಡಿಮೆಯಾಗಲಿಲ್ಲ. ಅಮ್ಮನಿಗೆ ನಿದ್ದೆ ಬರತೊಡಗಿತು. ಚಾವಡಿಯ ಚಿತ್ರ ಮಾತ್ರ ಅಟ್ಟಕ್ಕೆ ಹೋಯಿತು.

ಮಂಗಳೂರಿನ ಡಾಕ್ಟ್ರು ಕೊಟ್ಟ, ವಾರಕ್ಕೊಮ್ಮೆ ನುಂಗುವ ಮಾತ್ರೆಗಳು ಕೆಲಸ ಶುರು ಮಾಡಲಿಕ್ಕೆ ತಿಂಗಳುಗಳು ಬೇಕು. ಆಗ ನನ್ನ ಕೈಯಲ್ಲಿ ಒಪ್ಪಿಕೊಂಡ ಮೂರು ಚಿತ್ರಗಳಿದ್ದವು. ಕಂಪೆನಿಗೆ ಕಾಯಿಲೆ ವಿಷಯ ಹೇಳಲಿಕ್ಕೆ ನಾಚಿಕೆ. ಎಡಗೈಯಲ್ಲಿ ಅಭ್ಯಾಸ ಮಾಡಿದೆ. ಹದಿನೈದು ದಿನದಲ್ಲಿ ಎಡಗೈಯೂ ಊದಿತು. ನನ್ನ ಸೈನ್ಯಕ್ಕೆ ಪಕ್ಷಪಾತವಿರಲಿಲ್ಲ. ಕೊನೆಗೆ ಹೆಂಡತಿಯೇ "ನಾನು ಬರೀತೇನೆ, ನೀವು ಹೇಳಿ" ಎಂದು ಪೆನ್ನು ಹಿಡಿದು ಕೂತಳು.

ಜೀವನದಲ್ಲಿ ಅವಳು ಬರೆದದ್ದು ತ್ರಿಕೋನ, ವೃತ್ತ, ಹೆಚ್ಚೆಂದರೆ ಸಿಲಿಂಡರ್. ನಾನು "ಬೆನ್ನನ್ನು ಸ್ವಲ್ಪ ಸೊಕ್ಕಿನಿಂದ ಎಬ್ಬಿಸು" ಎಂದರೆ "ಎಷ್ಟು ಡಿಗ್ರಿ?" ಎನ್ನುತ್ತಿದ್ದಳು.

"ಸೊಕ್ಕಿಗೆ ಡಿಗ್ರಿ ಇಲ್ಲ ಮಾರಾಯ್ತಿ."

"ಹಾಗಾದರೆ ನಿಲ್ಲಿಸುವುದು ಎಲ್ಲಿ ಅಂತ ನನಗೆ ಹೇಗೆ ಗೊತ್ತಾಗ್ತದೆ? ಚಿಪ್ಪು ಒಟ್ಟು ಎಷ್ಟು ಬೇಕು?"

"ಎಣಿಸಿ ಬರೆಯುವುದಲ್ಲ ಅದು. ಹರೀತಾ ಹೋಗಬೇಕು."

"ನೀರಾ ಹರಿಯಲಿಕ್ಕೆ? ಸಂಖ್ಯೆ ಹೇಳಿ."

ಮೂರನೆಯ ಭಾನುವಾರ ಡ್ರ್ಯಾಗನ್ ಮುಗಿಯಿತು. ಅದರ ಎಡ ಬಲ ಎರಡೂ ಒಂದೇ ಅಳತೆ. ಎಲ್ಲ ಹಲ್ಲೂ ಸಮ. ನೋಡಲಿಕ್ಕೆ ಶಿಸ್ತಿನ ಕೊಕ್ಕರೆಯೊಂದು ಕೊಡೆ ಹಿಡಿದ ಹಾಗಿತ್ತು. ನನಗೆ ತಡೆಯಲಾಗದೆ ನಗು ಬಂತು. ಅವಳು ನಗಲಿಲ್ಲ. "ಮೂರು ವಾರ ಪೇಪರ್ ತಿದ್ದುವುದು ಬಿಟ್ಟು ಕೂತಿದ್ದೇನೆ" ಎಂದು ಪೆನ್ನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ಪೆನ್ನಿನ ಸದ್ದು ನನಗೆ ಇನ್ನೂ ನೆನಪುಂಟು. ಎರಡು ದಿನ ನಮ್ಮ ಮನೆಯಲ್ಲಿ ಮಾತು ಅಳತೆಯಲ್ಲೇ ನಡೆಯಿತು. ಮೂರನೆಯ ದಿನ ನಾನು ಮೇಡಮ್ಮಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ತುಂಬ ಮಮತೆಯಿಂದ ಉತ್ತರಿಸಿದರು: ಅವಸರ ಬೇಡ, ಆರೋಗ್ಯ ಮುಖ್ಯ, ನಿಮ್ಮ ಜಾಗ ಯಾವತ್ತೂ ನಿಮ್ಮದೇ. ಅದೇ ವಾರ ಆ ಜಾಗದಲ್ಲಿ ಬೇರೆಯವರ ಡ್ರ್ಯಾಗನ್ ಕಾಣಿಸಿಕೊಂಡಿತು.

ಒಂದು ವರ್ಷ ನಾನು ಏನೂ ಬರೆಯಲಿಲ್ಲ. ಹೆಂಡತಿ ಶಾಲೆಗೆ ಹೋಗುತ್ತಿದ್ದಳು, ನಾನು ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಮುಚ್ಚಳ ತೆಗೆಯುವುದು ಅವಳು ಬಂದ ಮೇಲೆ. ಮಾತ್ರೆಗಳು ಮೆಲ್ಲಗೆ ಹಿಡಿತ ಸಾಧಿಸಿದವು. ಊತ ಇಳಿಯಿತು, ಆದರೆ ಬೆರಳುಗಳು ಬಾಗಿದ್ದು ಬಾಗಿಯೇ ಉಳಿದವು. ಭುಜ, ಮೊಣಕೈ ಮಾತ್ರ ಸರಿಯಿದ್ದವು. ಚಿಕ್ಕ ಗಂಟುಗಳಿಗೆ ವಿಶ್ರಾಂತಿ ಕೊಡಿ, ದೊಡ್ಡ ಗಂಟುಗಳಿಗೆ ಕೆಲಸ ಕೊಡಿ ಎಂದು ಡಾಕ್ಟ್ರು ಹೇಳಿದ್ದರು. ನಾನು ವಿಶ್ರಾಂತಿಯ ಭಾಗವನ್ನು ಮಾತ್ರ ಪಾಲಿಸಿದ್ದೆ.

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕವೊಂದಿತ್ತು. ಕಾಡಿನ ಪರದೆ ಬೇಕು. ಬರೆಯುವ ಮಾಸ್ಟ್ರಿಗೆ ವರ್ಗವಾಗಿತ್ತು. "ನಮ್ಮವರು ಬರೀತಾರೆ" ಎಂದು ಹೆಂಡತಿ ನನ್ನಲ್ಲಿ ಕೇಳದೆ ಒಪ್ಪಿಕೊಂಡು ಬಂದಿದ್ದಳು. ನಾನು ಸಿಟ್ಟಿನಿಂದಲೇ ಹೋದೆ. ಶಾಲೆಯ ಜಗಲಿಯಲ್ಲಿ ದೊಡ್ಡ ಬಟ್ಟೆ ಹಾಸಿದ್ದರು. ಬ್ರಶ್ಶನ್ನು ಬೆರಳಲ್ಲಿ ಹಿಡಿಯಲಿಕ್ಕೆ ಆಗುವುದಿಲ್ಲ ಎಂದು ತೋರಿಸಿ ಹಿಂದಿರುಗುವುದು ನನ್ನ ಯೋಜನೆ. ಅವಳು ಬ್ರಶ್ಶನ್ನು ಒಂದು ಪೈಪಿನ ತುಂಡಿಗೆ ಕಟ್ಟಿ, ಪೈಪನ್ನು ನನ್ನ ಕಂಕುಳಿಗೆ ಸಿಕ್ಕಿಸಿ, ಮೊಣಕೈಗೆ ಸೇರಿಸಿ ಒಂದು ಶಾಲಿನಿಂದ ಕಟ್ಟಿದಳು. "ಈಗ ನೆಲ ಒರೆಸಿದ ಹಾಗೆ ಮಾಡಿ" ಎಂದಳು.

ಒರೆಸಿದೆ. ಮೊದಲ ಗೆರೆ ಆರು ಅಡಿ ಉದ್ದ ಹೋಯಿತು. ನಾನು ಅಷ್ಟು ಉದ್ದದ ಗೆರೆಯನ್ನು ಹುಟ್ಟಿದಂದಿನಿಂದ ಬರೆದಿರಲಿಲ್ಲ. ಅದು ಒರಟಾಗಿತ್ತು, ನಡುವೆ ಒಡೆದಿತ್ತು, ಆದರೆ ಮರವಾಗಿತ್ತು. ಸಂಜೆಯ ಹೊತ್ತಿಗೆ ಕಾಡು ಆಯಿತು. ಕಾಡಿನ ಹಿಂದಿನಿಂದ, ನಾಟಕದವರು ಕೇಳದೆ ಇದ್ದರೂ, ಒಂದು ಡ್ರ್ಯಾಗನ್ ಎದ್ದು ಬಂತು. ಮೈಯಲ್ಲಿ ಒಂದೂ ಚಿಪ್ಪಿಲ್ಲ. ಒಂದು ಬೆನ್ನು, ಒಂದು ಕಣ್ಣು, ಅಷ್ಟೆ. ನಾನು ಬೆವರಿನಲ್ಲಿ ಮಿಂದಿದ್ದೆ. ಶಾಲೆಯ ಬಿಸಿಯೂಟದ ಅಕ್ಕ ಬಂದು ನೋಡಿ, "ಎಂಥ ದೊಡ್ಡ ಉಡ ಮಾರಾಯ್ರೆ!" ಎಂದರು. ಒಂದು ವರ್ಷದಲ್ಲಿ ಸಿಕ್ಕ ಮೊದಲ ವಿಮರ್ಶೆ ಅದು. ಮನೆಗೆ ಬರುವ ದಾರಿಯಲ್ಲಿ ನಾನು ಬೈಕಿನ ಹಿಂದೆ ಕೂತು ಅತ್ತುಬಿಟ್ಟೆ. ಹೆಂಡತಿ ಓಡಿಸುತ್ತಿದ್ದಳು, ಗಾಳಿಗೆ ಕಣ್ಣಲ್ಲಿ ನೀರು ಎಂದುಕೊಂಡಿರಬೇಕು, ಅಥವಾ ಹಾಗೆ ನಟಿಸಿರಬೇಕು.

ಅವಳು ಪರದೆಯ ಫೋಟೋ ತೆಗೆದು ಮೇಡಮ್ಮಿಗೆ ಕಳಿಸಿದ್ದು ನನಗೆ ಗೊತ್ತಾದದ್ದು ಉತ್ತರ ಬಂದ ಮೇಲೆ. ಎಂಟು ವರ್ಷ ನನ್ನ ಚಿಪ್ಪುಗಳನ್ನು ಹೊಗಳಿದ್ದ ಮೇಡಮ್, ಕಡೆಗೂ ನೀವು ವಿವರಗಳ ಮೋಹದಿಂದ ಬಿಡುಗಡೆ ಹೊಂದಿದಿರಿ ಎಂದು ಅಭಿನಂದಿಸಿದ್ದರು. ಇದು ಧೈರ್ಯದ ಹೊಸ ಹೆಜ್ಜೆಯಂತೆ. ಅವರ ಕಂಪೆನಿ ಹೊರತರುವ ಕಾದಂಬರಿಗಳ ರಕ್ಷಾಪುಟದ ಕೆಲಸ ಹಾಗೆ ಶುರುವಾಯಿತು. ಮನೆಯ ಹಿಂದಿನ ಶೆಡ್ಡಿನಲ್ಲಿ ಬಟ್ಟೆ ಹಾಸಿ ನಾನು ಒರೆಸುತ್ತೇನೆ. ಹೆಂಡತಿ ಫೋಟೋ ತೆಗೆದು ಕಳಿಸುತ್ತಾಳೆ. ವಿದೇಶದ ಒಬ್ಬರು ಇಂಟರ್ನೆಟ್ಟಿನಲ್ಲಿ ಸಂದರ್ಶನ ಮಾಡಿ, ಈ ಬದಲಾವಣೆಯ ಹಿಂದೆ ಯಾವ ತತ್ವಶಾಸ್ತ್ರದ ಪ್ರಭಾವವಿದೆ ಎಂದು ಕೇಳಿದರು. "ಭುಜದ್ದು" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಅದು ಪೂರ್ವದೇಶದ ಯಾವುದೋ ಪಂಥ ಎಂದುಕೊಂಡರೋ ಏನೋ.

ಆ ನಡುವೆ ಬೆಳ್ತಂಗಡಿಯ ಒಂದು ಸಭಾಭವನದಲ್ಲಿ ಅಂಗವಿಕಲರ ಗುರುತಿನ ಚೀಟಿಗೆ ತಪಾಸಣಾ ಶಿಬಿರ ನಡೆಯಿತು. ಬಸ್ಸಿನಲ್ಲಿ ನಿಲ್ಲುವಾಗ ಕಂಬಿ ಹಿಡಿಯಲಿಕ್ಕೆ ನನಗೆ ಆಗುವುದಿಲ್ಲ. ಚೀಟಿ ಇದ್ದರೆ ಸೀಟು ಕೇಳುವ ಧೈರ್ಯ ಬರುತ್ತದೆ ಎಂದು ಹೋದೆ. ಪರೀಕ್ಷಿಸಿದ ಡಾಕ್ಟ್ರು ಸಂಭಾವಿತರು. ಬೆರಳುಗಳನ್ನು ಜಾಗ್ರತೆಯಿಂದ ನೋಡಿ, ಉದ್ಯೋಗ ಕೇಳಿದರು.

"ಚಿತ್ರ ಬರೀತೇನೆ."

"ಈ ಕೈಯಲ್ಲಿ?" ಅವರಿಗೆ ಕುತೂಹಲ. ಒಂದು ಹಾಳೆ, ಒಂದು ಸ್ಕೆಚ್ ಪೆನ್ ಕೊಟ್ಟು, "ಸ್ವಲ್ಪ ತೋರಿಸಿ, ನೋಡುವ" ಎಂದರು.

ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ಇಕ್ಕಟ್ಟಿನ ಕೆಲಸ ಬಂದಿರಲಿಲ್ಲ. ಚೆನ್ನಾಗಿ ಬರೆದರೆ ನಾನು ಅಂಗವಿಕಲನಲ್ಲ. ಕೆಟ್ಟದಾಗಿ ಬರೆದರೆ ಚಿತ್ರಕಾರನಲ್ಲ. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು. ಕೆಟ್ಟದಾಗಿ ಬರೆಯಬೇಕೆಂದೇ ಪೆನ್ನನ್ನು ಎರಡು ಅಂಗೈಗಳ ನಡುವೆ ಹಿಡಿದೆ. ಆದರೆ ಭುಜ ಕೇಳಲಿಲ್ಲ. ನಾಲ್ಕೇ ಗೆರೆಯಲ್ಲಿ ಒಂದು ಬೆನ್ನು, ಕತ್ತು, ಬಾಲ. ಡಾಕ್ಟ್ರು ಎದ್ದು ನಿಂತು ನೋಡಿದರು, ಪಕ್ಕದ ಡಾಕ್ಟ್ರನ್ನೂ ಕರೆದರು. "ಭಾರೀ ಲಾಯಕ್ಕುಂಟು" ಎಂದರು. ಅಂಗವಿಕಲತೆ ಚೀಟಿಗೆ ಬೇಕಾದ ಪ್ರಮಾಣಕ್ಕಿಂತ ತುಸು ಕಡಿಮೆ ಎಂದು ಬರೆದು, ಮುಂದಿನ ಸಲ ಬನ್ನಿ ಎಂದು ಕಳಿಸಿದರು. ಚಿತ್ರವನ್ನು ಇಟ್ಟುಕೊಂಡರು. ನಾನು ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆ. ಕಂಬಿಗೆ ಮೊಣಕೈ ಸಿಕ್ಕಿಸಿಕೊಂಡು, ಒಳಗೊಳಗೇ ಸ್ವಲ್ಪ ಹೆಮ್ಮೆಯಿಂದ.

ಕಳೆದ ವರ್ಷ ಮತ್ತೊಂದು ಕಂಪೆನಿಯವರು ಸಂಪರ್ಕಿಸಿದರು. ಅವರಿಗೆ ನನ್ನ ಹಳೆಯ ಶೈಲಿ ಬೇಕಿತ್ತು. ಅದು ಈಗ ಆಗುವುದಿಲ್ಲ ಎಂದೆ. ಪರವಾಗಿಲ್ಲ, ಅದನ್ನು ನಮ್ಮ ಯಂತ್ರವೇ ಬರೆಯುತ್ತದೆ ಎಂದರು. ಕಳಿಸಿದ ಮಾದರಿಗಳನ್ನು ನೋಡಿದರೆ, ನಾನು ಯಾವತ್ತೂ ಬರೆಯದ ಡ್ರ್ಯಾಗನ್ನುಗಳ ಮೈಮೇಲೆ ನನ್ನವೇ ಚಿಪ್ಪುಗಳು, ಅಂಚಿನಲ್ಲಿ ನನ್ನದೇ ಹೊಳಪು. ಯಂತ್ರ ಅದನ್ನು ಎಲ್ಲಿಂದ ಕಲಿಯಿತು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅವರ ತೊಂದರೆ ಬೇರೆ: ಯಂತ್ರಕ್ಕೆ ಮನುಷ್ಯರ ಬೆರಳು ಸರಿಯಾಗಿ ಬರೆಯಲಿಕ್ಕೆ ಬರುವುದಿಲ್ಲ. ಒಬ್ಬ ರಾಜನಿಗೆ ಆರು, ಅವನ ಮಂತ್ರಿಗೆ ನಾಲ್ಕು. ತಪ್ಪು ಹುಡುಕಿ ಗುರುತು ಹಾಕಿಕೊಡಲು ಅನುಭವಸ್ಥರು ಬೇಕಾಗಿದ್ದರು. ಲೋಕದ ಎಲ್ಲ ಜನರ ನಡುವೆ ಬೆರಳುಗಳ ಉಸ್ತುವಾರಿಗೆ ಅವರು ನನ್ನನ್ನು ಆರಿಸಿದ್ದರು.

ಒಪ್ಪಿಕೊಂಡೆ. ನನಗೆ ಕೋಪ ಬಂದಿರಲಿಲ್ಲವೆಂದಲ್ಲ; ಕೆಲಸವೂ ಬೇಕಿತ್ತು. ಸಂಜೆ ಹೆಂಡತಿ ಪೇಪರ್ ತಿದ್ದಿದ ಮೇಲೆ ನನ್ನ ಪಕ್ಕ ಕೂತು ಎಣಿಸುತ್ತಿದ್ದಳು. ಈ ವಿದ್ಯೆಯಲ್ಲಿ ಅವಳಿಗೆ ಸರಿಸಾಟಿಯಿಲ್ಲ. "ಈ ಬಿಲ್ಲುಗಾರನಿಗೆ ಎರಡೂ ಬಲಗೈ" ಎಂದು ಅವಳು ಹೇಳಿದ ದಿನ ಕಂಪೆನಿಯಿಂದ ವಿಶೇಷ ಮೆಚ್ಚುಗೆ ಬಂತು.

ಹಾಗೆ ಕೆಲವು ತಿಂಗಳು. ಒಂದು ದಿನ ಮುದುಕಿಯೊಬ್ಬಳ ಚಿತ್ರ ಬಂತು, ಮಾಟಗಾತಿ. ಕೋಲು ಹಿಡಿದ ಅವಳ ಬೆರಳುಗಳು ಗೆಣ್ಣಿನಲ್ಲಿ ಊದಿ, ಹೊರಕ್ಕೆ ಬಾಗಿ, ತುದಿಯಲ್ಲಿ ಕೊಕ್ಕೆಯ ಹಾಗೆ ಇಳಿದಿದ್ದವು. ಇದು ತಪ್ಪಾಗಿದೆ, ಎಲ್ಲಿ ಎಂದು ಗುರುತು ಹಾಕಿ ಎಂದು ಕಂಪೆನಿ ಬರೆದಿತ್ತು. ನಾನು ನನ್ನ ಕೈಯನ್ನು ಕಂಪ್ಯೂಟರಿನ ಪರದೆಯ ಪಕ್ಕದಲ್ಲಿಟ್ಟೆ. ಹೆಂಡತಿ ಎರಡನ್ನೂ ನೋಡಿದಳು. ಎಣಿಸಲಿಲ್ಲ.

"ಇದರಲ್ಲಿ ತಪ್ಪಿಲ್ಲ, ಹೀಗೆಯೂ ಕೈಗಳಿರುತ್ತವೆ" ಎಂದು ಬರೆಸಿ, ನನ್ನ ಕೈಯ ಫೋಟೋ ಲಗತ್ತಿಸಿ ಕಳಿಸಿದೆವು. ಫೋಟೋಕ್ಕೆ ಧನ್ಯವಾದ ಹೇಳಿದರು. ಆದರೆ ನೋಡಿದವರು ಯಂತ್ರದ ತಪ್ಪೆಂದು ದೂರುತ್ತಾರೆ, ಆದ್ದರಿಂದ ನೇರ ಮಾಡುತ್ತೇವೆ ಎಂದರು. ಎರಡು ದಿನದಲ್ಲಿ ಮುದುಕಿಗೆ ಹದಿನೆಂಟರ ಬೆರಳು ಬಂತು.

ಆ ಕೆಲಸ ಬಿಟ್ಟೆ. ದೊಡ್ಡ ಜಗಳವೇನೂ ಇಲ್ಲ, ಎರಡು ಸಾಲಿನ ಪತ್ರ. ಆಮೇಲೆ ಶೆಡ್ಡಿನಲ್ಲಿ ಬಟ್ಟೆ ಹಾಸಿ, ಎಡಗೈಯನ್ನು ಮುಂದೆ ಸ್ಟೂಲಿನ ಮೇಲಿಟ್ಟುಕೊಂಡು, ಬಲಭುಜದಿಂದ ಆ ಮುದುಕಿಯ ಕೈಯೊಂದನ್ನೇ ನಾಲ್ಕಡಿ ಅಗಲಕ್ಕೆ ಬರೆದೆ. ಒಂದು ವಾರ ಹಿಡಿಯಿತು. ಮಾತ್ರೆ ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ, ಆ ದಿನ ಬರೆಯಲಿಲ್ಲ. ಮೇಡಮ್ ಅದನ್ನು ಒಂದು ಕಾದಂಬರಿಯ ರಕ್ಷಾಪುಟಕ್ಕೆ ತೆಗೆದುಕೊಂಡರು.

ಪುಸ್ತಕ ಹೊರಬಂದ ಮೇಲೆ ಓದುಗರು ಇಂಟರ್ನೆಟ್ಟಿನಲ್ಲಿ ಬರೆದ ಅಭಿಪ್ರಾಯಗಳನ್ನು ಹೆಂಡತಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಓದಿ ಹೇಳುತ್ತಿದ್ದಳು. ನಾನು ಚಹಾದ ಲೋಟವನ್ನು ಅಂಗೈಗಳ ನಡುವೆ ಹಿಡಿದು ಕುಡಿಯುತ್ತಿದ್ದೆ. ಒಬ್ಬರು ಬರೆದಿದ್ದರು: ಕಥೆ ಸಾಧಾರಣ, ಆದರೆ ಮುಖಪುಟದ ಕಲಾವಿದನ ಕಲ್ಪನಾಶಕ್ತಿ ಅದ್ಭುತ, ಲೋಕದಲ್ಲಿ ಇಲ್ಲದ ಇಂಥ ಕೈಯನ್ನು ಹೇಗೆ ಊಹಿಸಿದನೋ.

"ಉತ್ತರ ಬರೆಯುವುದಾ?" ಎಂದು ಅವಳು ಕೇಳಿದಳು.

"ಬೇಡ" ಎಂದೆ. "ಒಂದು ಲೈಕ್ ಒತ್ತಿಬಿಡು."

ಒತ್ತಿ, ಶಾಲೆಗೆ ಹೊತ್ತಾಯಿತೆಂದು ಚೀಲ ಹುಡುಕಲು ಹೋದಳು.